ಮಾಡದಲ್ಲಿ ಉಳಿದ ಎತ್ತು

ಟೈಮ್‌ಟೇಬಲ್ಲಿನ ಪ್ರಕಾರ ಶುಕ್ರವಾರದ ಕೊನೆಯ ಪಿರಿಯಡ್ ಚಿತ್ರಕಲೆ, ಅಂದರೆ ನನ್ನದು. ಹಾಗಂತ ಬರೆದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ್ದರು, ಅಷ್ಟೇ. ಬಣ್ಣದ ಡಬ್ಬಿ ಬಗಲಲ್ಲಿಟ್ಟುಕೊಂಡು ನಾನು ಎಸ್ಸೆಸ್ಸೆಲ್ಸಿ ತರಗತಿಯ ಬಾಗಿಲಿಗೆ ಹೋಗುವ ಹೊತ್ತಿಗೆ ಗಣಿತದ ಮೈಲಾರಲಿಂಗಪ್ಪ ಮಾಸ್ತರರು ಬೋರ್ಡಿನ ಮೇಲೆ ದೊಡ್ಡದೊಂದು ವೃತ್ತ ಎಳೆದು ನಿಂತಿರುತ್ತಿದ್ದರು.

“ಖಾಜಾ, ಇವತ್ತೊಂದಿನ ನಿನ್ನ ಪಿರಿಯಡ್ ಕೊಡು. ಪೋರ್ಶನ್ ಉಳದೈತಿ.”

“ನಿಮ್ಮ ಇವತ್ತೊಂದಿನ ಯಾವಾಗ ಮುಗೀತೈತ್ರಿ ಮಾಸ್ತರ?”

ಹುಡುಗರು ನಗುತ್ತಿದ್ದರು. ಮಾಸ್ತರರು ಅಷ್ಟರಲ್ಲಿ ಬೆನ್ನು ತಿರುಗಿಸಿ ವೃತ್ತಕ್ಕೆ ಸ್ಪರ್ಶಕ ಎಳೆಯುತ್ತಿದ್ದರು. ನಾನು ಖಾಜಾಸಾಬ, ಧಾರವಾಡದ ಆ ಹೈಸ್ಕೂಲಿನ ಚಿತ್ರಕಲಾ ಶಿಕ್ಷಕ, ಬಾಯಿ ಜೋರು ಎಂದು ಹೆಸರು ತೆಗೆದುಕೊಂಡವನು. ಹೆಡ್‌ಮಾಸ್ತರರ ಮುಂದೆ ಹೋಗಿ ಎಷ್ಟೋ ಸಲ ತಕರಾರು ಮಾಡಿದ್ದೇನೆ. “ಚಿತ್ರದಾಗ ಯಾರೂ ನಪಾಸ ಆಗೂದಿಲ್ಲ, ಬಿಡ್ರಿ ಅತ್ಲಾಗ” ಎಂದು ಅವರು ಚಹಾ ತರಿಸುತ್ತಿದ್ದರು. ಆ ಮಾತು ನೆನಪಾದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಜಗಳ ಸಾಲೆಯ ಗೇಟಿನೊಳಗೆ ಮಾತ್ರ. ಗೇಟು ದಾಟಿದರೆ ನಾವಿಬ್ಬರೂ ಒಂದೇ ಊರಿನವರು, ಉಪ್ಪಿನಬೆಟಗೇರಿಯವರು. ಅವರ ಅಪ್ಪನ ಹೊಲ, ನಮ್ಮಪ್ಪನ ಹೊಲ ಬದುವಿಗೆ ಬದು ಹತ್ತಿ ಇದ್ದವು. ಅವರ ಎತ್ತು ಸೋತರೆ ನಮ್ಮ ಎತ್ತು ಹೋಗುತ್ತಿತ್ತು. ಅವರ ಮನೆತನದಲ್ಲಿ ಓದಿ ನೌಕರಿ ಹಿಡಿದವರಲ್ಲಿ ಮಾಸ್ತರರೇ ಮೊದಲಿಗರು, ನಮ್ಮ ಮನೆತನದಲ್ಲಿ ನಾನು. ಧಾರವಾಡದ ಮಾಳಮಡ್ಡಿಯಲ್ಲಿ ನನಗೆ ಬಾಡಿಗೆ ಮನೆ ಹುಡುಕಿಕೊಟ್ಟವರೂ ಅವರೇ. ಅವರ ಮನೆಯ ಕಟ್ಟೆಯ ಮೇಲೆ ಕೂತರೆ ನಮ್ಮ ಮನೆಯ ಬಾಗಿಲು ಕಾಣುತ್ತಿತ್ತು. ಅವರ ಹೆಂಡತಿ ಬೀರವ್ವ ಚಹಾಕ್ಕಿಟ್ಟಾಗ ನನ್ನದೊಂದು ಕಪ್ಪು ಲೆಕ್ಕದಲ್ಲಿ ಇದ್ದೇ ಇರುತ್ತಿತ್ತು.

ಮಾಸ್ತರರ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ ಏನೋ, ಒಂದೇ ಮಾತು: ಲಕ್ಷ್ಯ. “ಲಕ್ಷ್ಯ ಎಲ್ಲೈತಿ ನಿಂದು?” ಎಂದು ಕೇಳಿದರೆ ಹಿಂದಿನ ಬೆಂಚಿನ ಪುಂಡನೂ ಎದ್ದು ನಿಲ್ಲುತ್ತಿದ್ದ. ಕೆಟ್ಟ ಮನುಷ್ಯರಲ್ಲ. ಯಾರ ಮೇಲೂ ಕೈ ಮಾಡಿದವರಲ್ಲ. ಆದರೆ ತಪ್ಪು ಕಂಡರೆ ಬಿಡುವ ಪೈಕಿಯವರಲ್ಲ. ಅಂಗಿಯ ಕಿಸೆಯಲ್ಲಿ ಸದಾ ಒಂದು ಕೆಂಪು ಪೆನ್ಸಿಲ್. ಯಾರೋ ಮದುವೆಯ ಕಾರ್ಡು ಕೊಟ್ಟರೆ ತಾರೀಖಿಗೂ ವಾರಕ್ಕೂ ತಾಳೆ ನೋಡಿ, ತಪ್ಪಿದ್ದರೆ ಅಲ್ಲೇ ಸುತ್ತು ಹಾಕಿ ಅವರ ಕೈಗೇ ತಿರುಗಿ ಕೊಡುತ್ತಿದ್ದರು. ಕೊಟ್ಟವರು ಬೈದುಕೊಂಡು ಹೋಗುತ್ತಿದ್ದರು.

ಸಿಇಟಿ ಎಂಬುದು ಬಂದು ತಾಯಿ-ತಂದೆಯರಿಗೆಲ್ಲ ದೆವ್ವ ಹಿಡಿದ ಕಾಲ ಅದು. ಮಾಸ್ತರರ ಮನೆಯ ಪಡಸಾಲೆಯಲ್ಲಿ ಬೆಳಿಗ್ಗೆ, ಸಂಜೆ ಟ್ಯೂಶನ್ ತುಂಬಿ ತುಳುಕುತ್ತಿತ್ತು. ಹುಡುಗರ ಲಕ್ಷ್ಯ ಹೊರಗೆ ಹೋಗಬಾರದೆಂದು ಕಿಟಕಿಯ ಗಾಜಿಗೆ ಅರ್ಧದವರೆಗೆ ಬಿಳಿ ಬಣ್ಣ ಬಳಿಸಿದ್ದರು. ಚಿತ್ರವಿದ್ದ ಕ್ಯಾಲೆಂಡರು ತೆಗೆದು ಬರೀ ಅಂಕಿಗಳದ್ದು ತೂಗುಹಾಕಿದ್ದರು. ಗಡಿಯಾರ ಹುಡುಗರ ಬೆನ್ನ ಹಿಂದೆ, ಮಾಸ್ತರರೊಬ್ಬರಿಗೇ ಕಾಣುವ ಹಾಗೆ. ಇನ್ನೊಂದು ಕಾಯಿದೆ ಇತ್ತು: ಬರೆಯದಿದ್ದಾಗ ಎರಡೂ ಅಂಗೈ ಡೆಸ್ಕಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಕೂರಬೇಕು. “ಕೈ ಆಡಿದ್ರ ಮನಸ್ಸು ಆಡತೈತಿ” ಎನ್ನುತ್ತಿದ್ದರು.

ಆ ಕಾಯಿದೆ ಹುಟ್ಟಿದ್ದು ಅವರ ಮಗಳು ವಿದ್ಯಾಳಿಂದ.

ವಿದ್ಯಾಳ ಕೈಗಳು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಬೀರವ್ವ ರೊಟ್ಟಿಗೆ ಹಿಟ್ಟು ನಾದಿಟ್ಟರೆ ಅದರಲ್ಲೊಂದು ಉಂಡೆ ಮಾಯವಾಗಿ, ಸ್ವಲ್ಪ ಹೊತ್ತಿಗೆ ಒಲೆಯ ಕಟ್ಟೆಯ ಮೇಲೆ ಗುಬ್ಬಿಯಾಗಿ ಕೂತಿರುತ್ತಿತ್ತು. ಮೇಣದಬತ್ತಿ ಕರಗಿ ಬಿದ್ದರೆ ಸಾಕು, ರಬ್ಬರಿನ ತುಂಡು ಸಿಕ್ಕರೆ ಸಾಕು. ಒಂದು ದಿನ ಮಾಸ್ತರರು ಸೀಮೆಸುಣ್ಣದ ಡಬ್ಬಿ ತೆರೆದು ನೋಡಿದರೆ ಒಳಗಿನ ಸುಣ್ಣದಕಡ್ಡಿಗಳ ತುದಿಗೆಲ್ಲ ಎತ್ತಿನ ತಲೆ, ಕೋಡು ಸಮೇತ. ಗುಂಡುಸೂಜಿಯಿಂದ ಕೆತ್ತಿದ್ದಳು. ನನಗೆ ತೋರಿಸಲೆಂದು ಆ ಡಬ್ಬಿ ಹಿಡಿದುಕೊಂಡು ಮನೆಗೆ ಬಂದಿದ್ದರು.

“ನೋಡು ಖಾಜಾ. ಬೀಜಗಣಿತ ಹೇಳಾಕತ್ತಿದ್ದೆ. ಅಕಿ ಇದನ್ನ ಮಾಡಾಕತ್ತಿದ್ಲು.”

ನಾನು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆ. ಚಿತ್ರಕಲೆಯ ಡಿಪ್ಲೊಮಾ ಮಾಡಿದವನು ನಾನು, ಎತ್ತು ಕಟ್ಟಿದ ಮನೆಯಲ್ಲಿ ಬೆಳೆದವನು. ಆ ಬೆರಳಿನಷ್ಟು ಸುಣ್ಣದಲ್ಲಿ ಒಂದು ಎತ್ತಿಗೆ ಸಿಟ್ಟು ಬಂದಿತ್ತು, ಒಂದಕ್ಕೆ ನಿದ್ದೆ. “ಮಾಸ್ತರ, ಇದು ದೇವರು ಕೊಟ್ಟಿದ್ರಿ” ಎಂದೆ.

“ದೇವರು ಪೇಪರ್ ಸೆಟ್ ಮಾಡೂದಿಲ್ಲೋ” ಎಂದು ಡಬ್ಬಿ ಕಸಿದುಕೊಂಡು ಹೋದರು. ಮರುದಿನದಿಂದ ಆ ಕಾಯಿದೆ ಬಂತು.

ವಿದ್ಯಾ ಎಸ್ಸೆಸ್ಸೆಲ್ಸಿಗೆ ಬಂದದ್ದು ತೊಂಬತ್ತೇಳರಲ್ಲಿ. ಸಾಲೆ ಶುರುವಾಗಿ ತಿಂಗಳಾಗುವಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ನಮ್ಮ ಕಡೆ ಅಂದು ಮಣ್ಣಿನಿಂದ ಎತ್ತು ಮಾಡಿ ಪೂಜಿಸುತ್ತಾರೆ. ಬೀರವ್ವನ ಮನೆಯ ಪದ್ಧತಿ ಕಟ್ಟುನಿಟ್ಟು. ಕುಂಬಾರನ ಹತ್ತಿರ ಕೊಂಡು ತರುವಂತಿಲ್ಲ. ಊರಿನ ಹೊಲದ ಎರೆಮಣ್ಣು ತಂದು, ಮನೆಯ ಮಗಳೇ ಮಾಡಬೇಕು. ಎರಡೂ ಎತ್ತು ಒಂದೇ ಕೈಯಲ್ಲಿ ಆಗಬೇಕು. ಪೂಜೆಯಾದ ಮೇಲೆ ಜೋಡಿಯನ್ನು ಮಾಳಿಗೆಯ ಮೇಲೆ ಇಟ್ಟು ಬರುತ್ತಾರೆ, ಮಳೆ ಬಂದು ಕರಗಿಸುತ್ತದೆ. ಜೋಡಿಯನ್ನು ಮಾತ್ರ. ಒಂಟಿ ಎತ್ತನ್ನು ಮಳೆಗೆ ಕೊಡುವುದಿಲ್ಲ. ನೊಗಕ್ಕೆ ಒಂದೇ ಎತ್ತು ಕಟ್ಟುವ ಮನೆ ಉದ್ಧಾರವಾದದ್ದನ್ನು ಯಾವ ರೈತ ನೋಡಿದ್ದಾನೆ?

ಅಂದು ಮಧ್ಯಾಹ್ನ ನಾನು ಅವರ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೂತಿದ್ದೆ. ಹಬ್ಬವೆಂದರೆ ರಜೆ, ರಜೆಯೆಂದರೆ ಮಾಸ್ತರರಿಗೆ ಪರೀಕ್ಷೆ. ಒಳಗೆ ಟ್ಯೂಶನ್ ಹುಡುಗರು ಟೆಸ್ಟು ಬರೆಯುತ್ತಿದ್ದರು. ವಿದ್ಯಾ ಎಲ್ಲರಿಗಿಂತ ಮೊದಲು ಬರೆದು ಕೊಟ್ಟು, ಹೊರಗೆ ಬಂದು ನನ್ನ ಪಕ್ಕದಲ್ಲೇ ಮಣ್ಣಿಗೆ ಕೈ ಹಾಕಿದ್ದಳು. ಒಂದು ಎತ್ತು ಮುಗಿದಿತ್ತು. ಎಲ್ಲರೂ ಮಾಡುವ ಮಣ್ಣೆತ್ತು ಕತ್ತು ನೆಟ್ಟಗೆ ಮಾಡಿ ಎದುರಿಗೆ ನೋಡುತ್ತದೆ. ಇದು ಹಾಗಲ್ಲ. ಕತ್ತನ್ನು ಎಡಕ್ಕೆ ಚೂರು ಹೊರಳಿಸಿ, ಒಂದು ಕಿವಿ ಹಿಂದಕ್ಕೆ ಹಾಕಿ, ನೊಗ ಇಳಿಸಿದ ಮೇಲೆ ಬಲದ ಎತ್ತು ತನ್ನ ಜೋಡಿಯ ಕಡೆ ನೋಡುತ್ತದಲ್ಲ, ಆ ನೋಟ. ಕಣ್ಣಿಗೆ ಜೋಳದ ಕಾಳು ಒತ್ತಿದ್ದಳು. ನಾನು ಚಹಾ ಕುಡಿಯುವುದನ್ನು ಮರೆತು ನೋಡುತ್ತಿದ್ದೆ. ಎರಡನೆಯದರ ಮಣ್ಣು ಅವಳ ಕೈಯಲ್ಲಿ ಉಂಡೆಯಾಗಿತ್ತು.

ಮಾಸ್ತರರು ಅವಳ ಪೇಪರು ಹಿಡಿದು ಹೊರಗೆ ಬಂದರು. ಅದರಲ್ಲೊಂದು ಕೆಂಪು ಸುತ್ತು.

“ಇಲ್ಲಿದ್ದ ಮೈನಸ್ ಎಲ್ಲಿ ಹೋತು?”

“ಬಂದೆ ಅಪ್ಪಾ. ಇನ್ನೊಂದು ಮಾಡಿ ಬರತೇನ್ರಿ.”

“ಏಳು. ಲಕ್ಷ್ಯ ಎಲ್ಲೈತಿ ಅಂತ ಈಗ ಗೊತ್ತಾತು.”

“ಇದೊಂದ್ ಮಾಡಿ ಬಿಡತೇನಿ ಅಪ್ಪಾ. ಅದು ಇದರ ಹಾದಿ ನೋಡಾಕತ್ತೈತಿ.”

ಮಾಸ್ತರರು ಬಗ್ಗಿ ಅವಳ ಕೈಯೊಳಗಿನ ಮಣ್ಣಿನ ಉಂಡೆ ತೆಗೆದುಕೊಂಡರು. ಕಸಿದುಕೊಳ್ಳಲಿಲ್ಲ, ಪರೀಕ್ಷೆಯಲ್ಲಿ ಚೀಟಿ ಸಿಕ್ಕಿದಾಗ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡರು. ಕಟ್ಟೆಯ ಕೆಳಗಿನ ಗಟಾರಕ್ಕೆ ಹಾಕಿದರು. “ಎತ್ತು ನಿನಗ ಸೀಟು ಕೊಡಸತಾವೇನು?”

“ಬಿಡ್ರಿ ಮಾಸ್ತರ, ಹಬ್ಬ ಐತಿ” ಎಂದೆ ನಾನು.

“ಇದು ನಿನ್ನ ಪಿರಿಯಡ್ ಅಲ್ಲ ಖಾಜಾ.”

ಹುಡುಗಿ ಅಳಲಿಲ್ಲ. ಗಟಾರದ ಕಡೆ ಒಮ್ಮೆ ನೋಡಿದಳು, ಎದ್ದು ಕೈ ತೊಳೆದುಕೊಂಡು ಒಳಗೆ ಹೋಗಿ ಡೆಸ್ಕಿನ ಮೇಲೆ ಎರಡೂ ಅಂಗೈ ಚಪ್ಪಟೆ ಮಾಡಿಟ್ಟು ಕೂತಳು. ಬೀರವ್ವ ಬಂದು ಒಂಟಿ ಎತ್ತನ್ನು ನೋಡಿದಳು. ಅದನ್ನು ಎತ್ತಿ ಪಡಸಾಲೆಯ ಗೋಡೆಯಲ್ಲಿ ದೀಪವಿಡುವ ಮಾಡದೊಳಗೆ ಇಟ್ಟಳು. ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟು ಇಟ್ಟಳು. “ಜೋಡಿ ಆಗೂತನಕಾ ಇದು ಇಲ್ಲೇ ಇರತೈತಿ” ಎಂದಳು, ನನಗೆ ಹೇಳಿದಂತೆ.

ಜೋಡಿ ಆಗಲಿಲ್ಲ. ಮಾಸ್ತರರು ಗೆದ್ದರು, ಪೂರಾ ಗೆದ್ದರು. ವಿದ್ಯಾಳ ಕೈ ಆಮೇಲೆ ಯಾವತ್ತೂ ಆಡಲಿಲ್ಲ. ಗಣಿತದಲ್ಲಿ ನೂರಕ್ಕೆ ನೂರು ಬಂತು. ಪೇಪರಿನಲ್ಲಿ ಫೋಟೋ ಬಂತು. ಪಿಯುಸಿ ಆಯಿತು, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಆಯಿತು. ಬೀರವ್ವ ಮರುವರ್ಷ ಮಣ್ಣು ತರಿಸಿ ಕರೆದಾಗ “ಟೆಸ್ಟ್ ಐತೆವ್ವಾ” ಎಂದಳು. ಅದರ ಮುಂದಿನ ವರ್ಷವೂ ಅದನ್ನೇ ಹೇಳಿದಳು. ಬೀರವ್ವ ಆಮೇಲೆ ಕರೆಯುವುದನ್ನು ಬಿಟ್ಟಳು. ಹಬ್ಬದ ದಿನ ಮಾಡದೊಳಗಿನ ಒಂಟಿ ಎತ್ತಿಗೇ ಕುಂಕುಮ ಹಚ್ಚಿ ಸುಮ್ಮನಾಗುತ್ತಿದ್ದಳು.

ಮಾಸ್ತರರು ಬದಲಾದದ್ದು ನನಗೆ ಮೊದಲು ಗೊತ್ತಾಗಲಿಲ್ಲ. ಮಗಳು ಹುಬ್ಬಳ್ಳಿಯ ಹಾಸ್ಟೆಲಿಗೆ ಹೋದ ಮೇಲಿನ ಮಾತು ಇದು. ಒಂದು ಸಂಜೆ ಟ್ಯೂಶನ್ ನಡೆದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಪ್ರಮೇಯ ಬಿಡಿಸುತ್ತಾ ಬಿಡಿಸುತ್ತಾ ಮಾಸ್ತರರು ನಡುವೆ ನಿಂತುಬಿಟ್ಟರು. ಸುಣ್ಣದಕಡ್ಡಿ ಬೋರ್ಡಿಗೆ ಹತ್ತಿಕೊಂಡೇ ಇತ್ತು, ಕಣ್ಣು ಮಾಡದ ಕಡೆ ಹೋಗಿತ್ತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಕರೆಂಟು ಹೋಯಿತು. ಬೀರವ್ವ ಮೇಣದಬತ್ತಿ ತಂದು ಮೇಜಿನ ಮೇಲಿಟ್ಟಳು. ಮಾಡದೊಳಗಿನ ಎತ್ತಿನ ನೆರಳು ಮಾಡದ ಹಿಂಗೋಡೆಯ ತುಂಬ ಬಿತ್ತು, ಹೊರಳಿಸಿದ ಕತ್ತು, ಹಿಂದಕ್ಕೆ ಬಿದ್ದ ಕಿವಿ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ಸರ್, ಆ ಎತ್ತು ಯಾರನ್ನ ನೋಡಾಕತ್ತೈತ್ರಿ?”

ಮಾಸ್ತರರು ಸುಣ್ಣದಕಡ್ಡಿ ಇಟ್ಟು ಹಿತ್ತಲಿಗೆ ಹೋದರು. ಮತ್ತೆ ಅಂದು ಒಳಗೆ ಬರಲಿಲ್ಲ. ನಾನೇ ಹುಡುಗರನ್ನು ಮನೆಗೆ ಕಳಿಸಿದೆ.

ಹಿತ್ತಲ ಕಲ್ಲಿನ ಮೇಲೆ ಕೂತು ಅವರು ಹೇಳಿದರು, “ಅದು ನನ್ನ ನೋಡಿದ್ರ ತ್ರಾಸ ಇರಲಿಲ್ಲೋ ಖಾಜಾ. ನನ್ನ ನೋಡೂದಿಲ್ಲ ಅದು. ಬಾಜೂಕ ಖಾಲಿ ಜಾಗಾ ಐತೆಲ್ಲ, ಅದನ್ನ ನೋಡತೈತಿ. ನಾ ಪಾಠ ಹೇಳೂಮುಂದ ನನ್ನ ಲಕ್ಷ್ಯನೂ ಅಲ್ಲೇ ಹೋಗತೈತಿ.”

“ಬಟ್ಟಿ ಮುಚ್ಚರಿ.”

“ಮುಚ್ಚಿದ್ದೆ. ಮುಚ್ಚಿದ್ರ ಮತ್ತಿಷ್ಟು ಕಾಣತೈತಿ.”

ಸುಡದ ಮಣ್ಣು ಅದು, ಒಂದು ಬೇಸಿಗೆ ತಡೆಯಬಾರದು. ವರ್ಷಗಟ್ಟಲೆ ಹೇಗೆ ಉಳಿಯಿತು ಎಂದು ನನಗೆ ಸೋಜಿಗವಾಗಿತ್ತು. ಒಂದು ಮುಂಜಾನೆ ಪೇಪರು ಕೇಳಲು ಹೋದಾಗ ಕಂಡಿತು. ಮಾಸ್ತರರು ಬಸಿಯಲ್ಲಿ ನೀರಿಟ್ಟುಕೊಂಡು, ಬೆರಳು ಅದ್ದಿ, ಎತ್ತಿನ ಹೊಟ್ಟೆಯ ಮೇಲಿನ ಬಿರುಕಿಗೆ ತಿಕ್ಕುತ್ತಿದ್ದರು. ಕೋಡು ಮುರಿದದ್ದನ್ನು ಕೂಡಿಸಿದ ಗುರುತೂ ಇತ್ತು. ನನ್ನನ್ನು ಕಂಡು ಬಸಿ ಬಚ್ಚಿಡಲು ಹೋದರು. ಅರವತ್ತರ ಹತ್ತಿರದ ಮನುಷ್ಯ ಕದ್ದು ಸಿಕ್ಕ ಹುಡುಗನ ಹಾಗೆ ಮಾಡಿದ್ದು ನೋಡಿ ನನಗೇ ನಾಚಿಕೆಯಾಯಿತು.

ನಿವೃತ್ತಿಯಾದ ಮೇಲೆ ಅವರ ಟ್ಯೂಶನ್ನೂ ಕರಗಿತು. ಸರ್‌ಗೆ ಲಕ್ಷ್ಯ ಇಲ್ಲ, ಹೇಳುತ್ತ ಹೇಳುತ್ತ ನಿಂತುಬಿಡುತ್ತಾರೆ ಎಂದು ಹುಡುಗರು ಹೇಳಿದರಂತೆ. ಊರ ತುಂಬ ಕೋಚಿಂಗ್ ಕ್ಲಾಸುಗಳು ಬಂದಿದ್ದವು, ಎಲ್ಲರೂ ಅತ್ತ ಹೋದರು. ಅಂಥದೇ ಒಂದು ಕ್ಲಾಸಿನಲ್ಲಿ, ಹುಬ್ಬಳ್ಳಿಯಲ್ಲಿ, ವಿದ್ಯಾ ಗಣಿತ ಕಲಿಸುತ್ತಿದ್ದಳು. ಅಲ್ಲೇ ಮದುವೆಯಾಗಿತ್ತು, ಗಂಡ ಪರಮೇಶ ರೈಲ್ವೆ ಆಫೀಸಿನಲ್ಲಿ ಕೆಲಸಕ್ಕಿದ್ದ. ವಿದ್ಯಾ ಮೇಡಮ್ ನೋಟ್ಸು ಇದ್ದದ್ದು ಇದ್ದಂಗೆ ಹೇಳುತ್ತಾರೆ, ಒಂದು ಅಕ್ಷರ ಆಚೀಚೆ ಇಲ್ಲ ಎಂದು ಆ ಕ್ಲಾಸಿಗೆ ಹೋಗುತ್ತಿದ್ದ ನನ್ನ ತಂಗಿಯ ಮಗಳು ಹೇಳುತ್ತಿದ್ದಳು. ಹೊಗಳಿಕೆಯಾಗಿಯೇ ಹೇಳಿದ್ದು ಅದು.

ಒಮ್ಮೆ ಹುಬ್ಬಳ್ಳಿಯ ಹಳೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಚಹಾ ಬರುವ ತನಕ ಎರಡೂ ಅಂಗೈ ಟೇಬಲ್ಲಿನ ಮೇಲೆ ಚಪ್ಪಟೆ ಮಾಡಿಟ್ಟು ಕೂತಳು.

“ಮಣ್ಣು ಮುಟ್ಟಿ ಬಾಳ ದಿವಸ ಆತಲ್ಲವ್ವಾ ವಿದ್ಯಾ” ಎಂದೆ.

“ಯಾವ ಮಣ್ಣು ಕಾಕಾ?”

“ಸಣ್ಣಾಕಿ ಇದ್ದಾಗ ಮಾಡತಿದ್ದೆಲ್ಲ. ಗುಬ್ಬಿ, ಎತ್ತು. ಸುಣ್ಣದಕಡ್ಡಿಯೊಳಗ ಕೆತ್ತಿದ್ದಿ.”

ಆಕೆ ಬಹಳ ಹೊತ್ತು ಯೋಚಿಸಿದಳು. ಖರೇನೇ ಯೋಚಿಸಿದಳು, ನಾಟಕವಲ್ಲ. “ನಾನಾ? ನೆನಪಿಲ್ರಿ ಕಾಕಾ” ಎಂದು ನಕ್ಕಳು. “ಸಣ್ಣಾಕಿದ್ದಾಗ ನಂದು ಬರೇ ಓದೂದ ಇತ್ತಲ್ಲ.”

ಧಾರವಾಡದ ಬಸ್ಸಿನಲ್ಲಿ ಕೂತು ನನಗೆ ಅಳು ಬಂತು. ಸಿಟ್ಟೂ ಬಂತು. ಆ ಎತ್ತು ಅಪ್ಪನನ್ನು ತಿನ್ನುತ್ತಿತ್ತು, ಅವ್ವನನ್ನು ತಿನ್ನುತ್ತಿತ್ತು, ಸಂಬಂಧವಿಲ್ಲದ ನನ್ನನ್ನೂ ಬಿಟ್ಟಿರಲಿಲ್ಲ. ಮಾಡಿದವಳ ನೆನಪಿನಲ್ಲಿ ಮಾತ್ರ ಅದು ಇರಲೇ ಇಲ್ಲ.

ಮಾಸ್ತರರಿಗೆ ಇದನ್ನು ಹೇಳಬಾರದೆಂದುಕೊಂಡಿದ್ದೆ, ಹೇಳಲೂ ಇಲ್ಲ. ಅವರೇ ಒಂದು ದಿನ ನನ್ನ ಮನೆಗೆ ಬಂದರು. ಉಗುರೊಳಗೆಲ್ಲ ಎರೆಮಣ್ಣು. ಪಂಚೆಯ ಗಂಟು ಬಿಚ್ಚಿ ಮೇಜಿನ ಮೇಲೆ ಏನನ್ನೋ ಇಟ್ಟರು. ನಾಯಿಯೂ ಅಲ್ಲ, ಕುರಿಯೂ ಅಲ್ಲ.

“ನಾನ ಮಾಡಾಕ ನೋಡಿದೆ. ಆಗವಲ್ದು. ನೀ ಚಿತ್ರದ ಮಾಸ್ತರ. ಜೋಡಿ ಮಾಡಿಕೊಡು.”

“ಈಗ ಬೇಕಾತೇನ್ರಿ ನನ್ನ ಪಿರಿಯಡ್ಡು?” ನಾಲಗೆ ತಡೆಯಲಿಲ್ಲ. ಅವರು ತಲೆ ಬಗ್ಗಿಸಿದ್ದು ನೋಡಿ ದನಿ ತಗ್ಗಿಸಿದೆ. “ನಾ ಮಾಡಿದ್ರ ನಡ್ಯೂದಿಲ್ರಿ. ಒಂದ ಕೈ ಆಗಬೇಕು ಅಂತ ಬೀರವ್ವಕ್ಕ ಹೇಳ್ಯಾಳಲ್ಲ. ವಿದ್ಯಾನ್ನ ಕರೀರಿ.”

“ಹೆಂಗ ಕರೀಲಿ? ಯಾವ ಬಾಯಿಲೆ ಕರೀಲಿ?” ಮಾಸ್ತರರು ತಾವು ಮಾಡಿದ್ದನ್ನು ಮತ್ತೆ ಪಂಚೆಯ ಗಂಟಿಗೆ ಹಾಕಿಕೊಂಡರು. “ಖಾಜಾ, ನನಗ ಎತ್ತು ಬೇಕಾಗಿಲ್ಲೋ. ಅಕೀ ಕೈ ಸತ್ತಾವೋ, ಇಲ್ಲಾ ಮಕ್ಕೊಂಡಾವೋ, ಅದೊಂದು ಗೊತ್ತಾಗಬೇಕು. ಮಕ್ಕೊಂಡಿದ್ರ ಎಬ್ಬಸಬಹುದು. ನಾ ಕೊಂದಿಲ್ಲ ಅಂತ ಆದ್ರೂ ಆಗತೈತಿ.”

ಎರಡು ಸಾವಿರದ ಎಂಟರ ಅಮಾವಾಸ್ಯೆಗೆ ಕರೆದರು. ಬೀರವ್ವ ಉಪ್ಪಿನಬೆಟಗೇರಿಯಿಂದ ಮಣ್ಣು ತರಿಸಿ, ಕಲ್ಲು ಆರಿಸಿ, ನಾದಿ ಬೆಣ್ಣೆಯಂತೆ ಮಾಡಿಟ್ಟಿದ್ದಳು. ಹೊರಗೆ ಮೋಡ ಕವಿದಿತ್ತು. ವಿದ್ಯಾ ಬಂದದ್ದು ಮಧ್ಯಾಹ್ನದ ಹೊತ್ತಿಗೆ, ಹೆಗಲ ಬ್ಯಾಗಿನಲ್ಲಿ ತಿದ್ದಬೇಕಾದ ಪೇಪರುಗಳ ಕಟ್ಟು. ಊಟವಾದ ಮೇಲೆ ಮಾಸ್ತರರು ಮಾಡದಿಂದ ಎತ್ತನ್ನು ಎರಡೂ ಕೈಯಲ್ಲಿ ಇಳಿಸಿ ತಂದು ಅವಳ ಮುಂದಿಟ್ಟರು. ನಾನು ಗೋಡೆಗೆ ಒರಗಿ ಕೂತಿದ್ದೆ.

“ಇದು ನೀ ಮಾಡಿದ್ದವ್ವಾ. ಇದರ ಜೋಡಿ ಉಳದೈತಿ. ಇವತ್ತ ಮಾಡ.”

“ಈಗ್ಯಾಕ್ರಿ ಅಪ್ಪಾ?”

“ನಿಮ್ಮವ್ವಗ ಸಮಾಧಾನ ಆಗಲಿ ಅಂತ.”

ಹೇಳಿದ ಮಾತು ಮೀರಿದವಳಲ್ಲ ಅವಳು. “ಆತು, ಮಾಡತೇನ್ರಿ” ಎಂದಳು. ಸೀರೆಯ ಸೆರಗು ಸಿಕ್ಕಿಸಿಕೊಂಡು ಚಾಪೆಯ ಮೇಲೆ ಕೂತಳು. ಎರಡೂ ಅಂಗೈ ತೊಡೆಯ ಮೇಲೆ ಚಪ್ಪಟೆಯಾಗಿಟ್ಟು ಹಳೆಯ ಎತ್ತನ್ನು ನೋಡುತ್ತಾ ಕೂತಳು. ಅವಳ ಬೆರಳು ಮಣ್ಣಿಗೆ ತಗಲಿದಾಗ ಬೀರವ್ವ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಒಂದು ಕ್ಷಣ, ಖರೇ ಹೇಳುತ್ತೇನೆ, ಆ ಬೆರಳುಗಳು ತಾವಾಗಿಯೇ ಮಣ್ಣನ್ನು ಒಮ್ಮೆ ಒತ್ತಿ ಬಿಟ್ಟವು, ಹಿಂದೆ ಒತ್ತುತ್ತಿದ್ದ ಹಾಗೆಯೇ. ನಾನು ಮನಸ್ಸಿನಲ್ಲೇ ಯಾ ಅಲ್ಲಾ ಎಂದೆ.

ಆಮೇಲೆ ಆಕೆ ಕೈ ಚಾಚಿ ಅಪ್ಪನ ಮೇಜಿನ ಮೇಲಿನ ಸ್ಕೇಲು ತೆಗೆದುಕೊಂಡಳು.

ಹಳೆಯ ಎತ್ತಿನ ಕಾಲು ಅಳೆದಳು, ಹೊಸದರ ಕಾಲು ಮಾಡಿದಳು. ಹೊಟ್ಟೆ ಅಳೆದಳು, ಹೊಟ್ಟೆ ಮಾಡಿದಳು. ಕೋಡು, ಕಿವಿ, ಹೆಗಲ ಮೇಲಿನ ಇಣಿ, ಬಾಲ. ಕತ್ತು ಎಷ್ಟು ಹೊರಳಿದೆ ಎಂದು ಕಣ್ಣು ಕಿರಿದು ಮಾಡಿ ನೋಡಿ, ಇದರ ಕತ್ತನ್ನೂ ಅಷ್ಟೇ ಹೊರಳಿಸಿದಳು. ಎಲ್ಲಿಯೂ ಅಳಿಸಿ ತಿದ್ದಲಿಲ್ಲ. ಜೋಳದ ಕಾಳು ಒತ್ತಿ, ಹಿಂದೆ ಸರಿದು, ಎರಡನ್ನೂ ತಾಳೆ ನೋಡಿದಳು. ಆಮೇಲೆ ಚಿಕ್ಕಂದಿನಲ್ಲಿ ಲೆಕ್ಕ ಬಿಡಿಸಿ ತಂದು ನಿಲ್ಲುತ್ತಿದ್ದ ಹಾಗೆ ಅಪ್ಪನ ಮುಖ ನೋಡಿದಳು.

“ಸರಿ ಐತೇನ್ರಿ ಅಪ್ಪಾ?”

ಬಹಳ ಚಂದ ಮಾಡಿದ್ದಳು. ಹಳೆಯದಕ್ಕಿಂತ ನಯವಾಗಿತ್ತು. ಬೀರವ್ವ ಬಂದು ಎರಡನ್ನೂ ಮಣೆಯ ಮೇಲೆ ಜೋಡಿ ಮಾಡಿ ಇಟ್ಟಳು. ಇಟ್ಟವಳು ಹಾಗೇ ಬಗ್ಗಿ ನಿಂತುಬಿಟ್ಟಳು.

ಹಳೆಯ ಎತ್ತು ಎಡಕ್ಕೆ ಕತ್ತು ಹೊರಳಿಸಿ ತನ್ನ ಜೋಡಿಯನ್ನು ನೋಡುತ್ತಿತ್ತು. ಹೊಸ ಎತ್ತೂ ಎಡಕ್ಕೇ ಕತ್ತು ಹೊರಳಿಸಿ, ಜೋಡಿಗೆ ಮುಖ ತಪ್ಪಿಸಿ, ಹೊರಗೆಲ್ಲೋ ನೋಡುತ್ತಿತ್ತು. ಬಲದ ಎತ್ತಿಗೆ ಎಡದ ಎತ್ತು ಜೋಡಿ. ಆಕೆ ಬಲದ ಎತ್ತನ್ನೇ ಇನ್ನೊಂದು ಮಾಡಿದ್ದಳು. ಬೀರವ್ವ ಮೆಲ್ಲಗೆ ಇದನ್ನು ಅತ್ತ, ಅದನ್ನು ಇತ್ತ ಮಾಡಿದಳು. ಈಗ ಹೊಸದು ಹಳೆಯದನ್ನು ನೋಡಿತು, ಹಳೆಯದು ಗೋಡೆಯನ್ನು ನೋಡಿತು. ಆ ಮನೆಯಲ್ಲಿ ಎತ್ತು ಕಟ್ಟಿದವರ ಮಕ್ಕಳು ಮೂವರಿದ್ದೆವು, ಮೂವರಿಗೂ ಕಂಡಿತ್ತು. ವಿದ್ಯಾ ಒಬ್ಬಳಿಗೇ ಕಂಡಿರಲಿಲ್ಲ. ಸ್ಕೇಲಿನ ಅಂಚಿಗೆ ಹತ್ತಿದ ಮಣ್ಣು ಒರೆಸುತ್ತಾ ಉತ್ತರಕ್ಕೆ ಕಾಯುತ್ತಿದ್ದಳು.

ಮಾಸ್ತರರ ಕೈ ಕಿಸೆಯ ಕೆಂಪು ಪೆನ್ಸಿಲಿನ ಮೇಲೆ ಹೋಯಿತು. ಚಟವಷ್ಟೇ. ಅಲ್ಲೇ ಸ್ವಲ್ಪ ಹೊತ್ತು ಇತ್ತು, ಕೆಳಗಿಳಿಯಿತು.

“ಸರಿ ಐತವ್ವಾ” ಎಂದರು.

ಅವರ ಬಾಯಿಂದ ತಪ್ಪಿಗೆ ಸರಿ ಎಂಬ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ವಿದ್ಯಾ ಕೈ ತೊಳೆದುಕೊಂಡಳು, ಉಗುರುಗಳನ್ನೂ ಬಿಡದೆ ತೊಳೆದುಕೊಂಡಳು. ಪೇಪರು ತಿದ್ದುವುದಿದೆ, ಲಗೂ ಹೋಗಬೇಕು ಎಂದು ಬ್ಯಾಗು ಹೆಗಲಿಗೇರಿಸಿದಳು. “ಮಳಿ ಬರೂದ್ರಾಗ ಮಾಳಿಗಿ ಮ್ಯಾಲ ಇಟ್ಟುಬಿಡ್ರಿ” ಎಂದು ಬಾಗಿಲಲ್ಲಿ ನೆನಪು ಮಾಡಿ ಹೋದಳು.

ಅವಳು ಹೋದ ಮೇಲೆ ಮಾಸ್ತರರು ಮಣೆಯ ಮುಂದೆ ಕೂತು ಹೊಸ ಎತ್ತನ್ನು ಹಿಂದುಮುಂದಾಗಿ ತಿರುಗಿಸಿಟ್ಟರು. ಮುಖಕ್ಕೆ ಮುಖ ಕೂಡಿತು. ಆದರೆ ಒಂದರ ಕಾಲು ಇತ್ತ, ಒಂದರ ಕಾಲು ಅತ್ತ. ಹಾಗೆ ನಿಂತ ಎತ್ತುಗಳ ಹೆಗಲಿಗೆ ನೊಗ ಎಲ್ಲಿಂದ ಹೂಡಬೇಕು? ಮತ್ತೆ ನೆಟ್ಟಗಿಟ್ಟರು.

“ಅಕ್ಕಾ, ಮಾಳಿಗಿಗೆ ನಾ ಒಯ್ದು ಇಡಲೇನು?” ಎಂದೆ ನಾನು, ಏನಾದರೂ ಹೇಳಬೇಕಲ್ಲ ಎಂದು.

“ಇದು ಜೋಡಿ ಅಲ್ಲೋ ಯಪ್ಪಾ” ಎಂದಳು ಬೀರವ್ವ. ದೀಪ ಹಚ್ಚಿದಳು, ಎರಡನ್ನೂ ಎತ್ತಿ ಮಾಡದೊಳಗೆ ಇಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಸಂಜೆ ಮಳೆ ಬಿತ್ತು, ಜೋರಾಗಿಯೇ ಬಿತ್ತು. ಮನೆಗೆ ಹೋಗಲಾಗದೆ ನಾನು ಅಲ್ಲೇ ಕೂತಿದ್ದೆ. ಫೋನು ರಿಂಗಾಯಿತು. ಮಾಡದ ಕೆಳಗೇ ಅದರ ಸ್ಟೂಲು. ಮಾಸ್ತರರು ಎತ್ತಿಕೊಂಡರು. ವಿದ್ಯಾಳ ದನಿ ನನ್ನ ತನಕ ಕೇಳುತ್ತಿತ್ತು.

“ಮುಟ್ಟಿದೆ ಅಪ್ಪಾ. ಇಲ್ಲೂ ಬಾಳ ಮಳಿ. ಎತ್ತು ಇಟ್ರೇನು?”

ಮಾಸ್ತರರು ತಲೆಯೆತ್ತಿ ಮಾಡದ ಕಡೆ ನೋಡಿದರು. ಎರಡೂ ಎತ್ತುಗಳು ಒಂದೇ ಕಡೆ ಕತ್ತು ಹೊರಳಿಸಿ, ಅವರ ತಲೆಯ ಮೇಲಿಂದ, ಕಿಟಕಿಯ ಪಕ್ಕದ ಡೆಸ್ಕಿನ ಕಡೆ ನೋಡುತ್ತಿದ್ದವು. ವಿದ್ಯಾ ಓದಲು ಕೂರುತ್ತಿದ್ದ ಜಾಗ ಅದು.

“ಇಟ್ಟೇವಿ” ಎಂದರು. “ಕರಗಿದವು. ಎರಡೂ ಕೂಡಿ ಕರಗಿದವು.”

“ಛಲೋ ಆತು ಬಿಡ್ರಿ. ಒಂದು ಕೆಲಸ ಮುಗೀತಲ್ಲ” ಎಂದಳು ವಿದ್ಯಾ. ಆಚೆ ಪೇಪರು ಮಗುಚುವ ಸಪ್ಪಳ ಬಂತು. ಫೋನು ಇಟ್ಟ ಮೇಲೂ ಮಾಸ್ತರರು ಕೈ ತೆಗೆಯಲಿಲ್ಲ. ಅಂಗೈ ಚಪ್ಪಟೆ ಮಾಡಿ ಅದರ ಮೇಲೇ ಇಟ್ಟುಕೊಂಡು, ಮಳೆ ನಿಲ್ಲುವ ತನಕ ಹಾಗೇ ಕೂತಿದ್ದರು.